ಮಾತ್ರೆಯೂ ಮನಸ್ಸೂ

ಸುವರ್ಣ ಮಹೋತ್ಸವದ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಸಮಿತಿಯವರು ಕೇಳಿದಾಗ, ಹಳೆಯ ನೆನಪುಗಳನ್ನು ಅವರು ನಿರೀಕ್ಷಿಸಿದ್ದಿರಬಹುದು. ಆದರೆ ನಾನು ಹೇಳದೆ ಉಳಿಸಿದ ಪಾಠವೊಂದಿದೆ.

ಏಳು ವರ್ಷಗಳಿಂದ ನನಗೆ ಪಾರ್ಕಿನ್ಸನ್ ಕಾಯಿಲೆ. ಹಿರಿಯರ ಮಾತಿನಲ್ಲಿ ಕಂಪವಾತ. ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ನಶಿಸುವುದು ಇದರ ಮೂಲ. ಆ ಕೊರತೆಯನ್ನು ತುಂಬುವ ಲೆವೊಡೋಪ 1960ರ ದಶಕದಲ್ಲಿ ಚಿಕಿತ್ಸೆಗೆ ಬಂದಿತು. ನಮ್ಮ ನಸುಗುನ್ನಿಯ ಬೀಜದಿಂದ ಇದೇ ವಸ್ತುವನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲಿಯೇ ಬೇರ್ಪಡಿಸಿದ್ದರು.

ಔಷಧದ ಉಪಕಾರವನ್ನು ನಾನು ಮರೆಯಲಾರೆ. ಅಂಗಿಯ ಗುಂಡಿ ಹಾಕಲಾರದ ಕೈ ಮತ್ತೆ ಲೇಖನಿ ಹಿಡಿಯಿತು. ಆದರೆ ಡೋಪಮಿನ್ನಿನಂತೆಯೇ ವರ್ತಿಸುವ ಪ್ರಾಮಿಪೆಕ್ಸೋಲ್ ಎಂಬ ಇನ್ನೊಂದು ಮಾತ್ರೆಯ ಪ್ರಮಾಣ ಹೆಚ್ಚಿದ ಬಳಿಕ, ಜೀವಮಾನದಲ್ಲಿ ಲಾಟರಿ ಚೀಟಿ ಮುಟ್ಟದ ನಾನು ದಿನವೂ ಕೊಳ್ಳತೊಡಗಿದೆ. ಮೂವತ್ತು ವರ್ಷ ಲೆಕ್ಕ ಕಲಿಸಿದವನಿಗೆ ಅದರ ಲೆಕ್ಕ ತಿಳಿಯದೆ? ತಿಳಿದಿದ್ದರೂ ಕಾಲು ಅಂಗಡಿಯತ್ತಲೇ ನಡೆಯುತ್ತಿತ್ತು. ಪುಸ್ತಕಗಳ ಹಿಂದೆ ಅಡಗಿಸಿಟ್ಟ ಚೀಟಿಗಳ ಕಟ್ಟು ಮನೆಯಾಕೆಗೆ ಸಿಕ್ಕಿದ ದಿನ ನಾನು ತಲೆಯೆತ್ತಲಾರದೆ ಹೋದೆ.

ತೋಟದ ಮೇಲ್ಭಾಗ ಒಣಗಿತೆಂದು ನೀರು ಬಿಟ್ಟರೆ, ತೇವವಿರುವ ಕೆಳಭಾಗದಲ್ಲಿ ಅದು ನಿಲ್ಲುತ್ತದೆ. ಮಿದುಳಿನಲ್ಲಿಯೂ ಹಾಗೆಯೇ. ಚಲನೆಯ ಭಾಗಕ್ಕೆ ಬೇಕಾದಷ್ಟು ಔಷಧವು, ಅಷ್ಟಾಗಿ ಕೆಡದ, ಆಸೆ-ಲಾಭಗಳಿಗೆ ಸಂಬಂಧಿಸಿದ ಭಾಗಕ್ಕೆ ಅತಿಯಾಗಬಹುದೆಂದು ವಿಜ್ಞಾನಿಗಳ ವಿವರಣೆ. ಔಷಧ ಸೇವಿಸಿದ ರೋಗಿಗಳು ಗೆಲುವಿನಿಂದ ಕಲಿಯುವಷ್ಟು ಸೋಲಿನಿಂದ ಕಲಿಯಲಾರರೆಂದು 2004ರ ಪ್ರಯೋಗವೊಂದು ತೋರಿಸಿತು. ಅಮೆರಿಕ ಮತ್ತು ಕೆನಡಾಗಳ ಮೂರು ಸಾವಿರಕ್ಕೂ ಮಿಕ್ಕಿದ ರೋಗಿಗಳ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಜೂಜು, ಅತಿಯಾದ ಖರೀದಿ, ಅತಿಯಾದ ತಿನ್ನುವಿಕೆ, ಅತಿಕಾಮ ಇವುಗಳಲ್ಲಿ ಒಂದಾದರೂ, ಇಂತಹ ಮಾತ್ರೆ ಸೇವಿಸುವವರಲ್ಲಿ ನೂರಕ್ಕೆ 17 ಮಂದಿಯಲ್ಲಿ ಕಂಡುಬಂದರೆ, ಸೇವಿಸದವರಲ್ಲಿ ಸುಮಾರು 7 ಮಂದಿಯಲ್ಲಿ ಮಾತ್ರ ಕಂಡುಬಂದಿತು.

ಈ ಸಂಗತಿಯನ್ನು ನನಗೆ ಮೊದಲೇ ಯಾರೂ ತಿಳಿಸಲಿಲ್ಲ. ಮಾತ್ರೆಯ ಜೊತೆಗಿನ ಕಾಗದ ಇಂಗ್ಲಿಷಿನಲ್ಲಿ. ಆಸ್ಪತ್ರೆಯ ಮಾತು ಮಲಯಾಳದಲ್ಲಿ. ಗಡಿನಾಡಿನ ಕನ್ನಡಿಗ ವೃದ್ಧರಿಗೆ ಎರಡೂ ಅರೆಬರೆ. ನಮ್ಮ ಶಾಲೆಯಲ್ಲಿ ಕಲಿತು ವೈದ್ಯರೂ ದಾದಿಯರೂ ಔಷಧ ವ್ಯಾಪಾರಿಗಳೂ ಆದವರಲ್ಲಿ ನನ್ನ ವಿನಂತಿ ಇಷ್ಟೇ: ರೋಗಿಗೆ ಮಾತ್ರವಲ್ಲ, ಮನೆಯವರಿಗೂ ಇದನ್ನು ಕನ್ನಡದಲ್ಲಿ ಹೇಳಿರಿ, ಮತ್ತೆ ಬಂದಾಗ ಮರೆಯದೆ ಕೇಳಿರಿ. ಮನೆಯವರು ಇದನ್ನು ದುರ್ನಡತೆಯೆಂದು ಹೀಗಳೆಯದೆ ವೈದ್ಯರಿಗೆ ತಿಳಿಸಲಿ. ಆದರೆ ಮಾತ್ರೆಯನ್ನು ತಾವಾಗಿಯೇ ಹಠಾತ್ತನೆ ನಿಲ್ಲಿಸಬಾರದು, ಅದು ಅಪಾಯಕರ. ನನಗೆ ವೈದ್ಯರು ಪ್ರಮಾಣವನ್ನು ಕ್ರಮೇಣ ಇಳಿಸಿದರು. ಕೆಲವು ವಾರಗಳಲ್ಲಿ ಆ ಸೆಳೆತವೂ ಇಳಿಯಿತು.

ಶೀಲವೆಂದರೆ ಸಂಕಲ್ಪಬಲವೊಂದೇ ಎಂದು ಪ್ರಾರ್ಥನಾ ಸಭೆಗಳಲ್ಲಿ ನಿಮಗೆ ಹೇಳುತ್ತಿದ್ದೆ. ಆ ಮಾತಿನ ಅರ್ಧವನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ. ಅಂದು ನನ್ನಿಂದ ಅಕಾರಣವಾಗಿ ಬೈಸಿಕೊಂಡವರು ಕ್ಷಮಿಸಬೇಕು.

— ನಿವೃತ್ತ ಮುಖ್ಯೋಪಾಧ್ಯಾಯ