ನಕ್ಷೆಯಲ್ಲಿಲ್ಲದ ದಾರಿ

ಹೋಟೆಲೊಂದರ ನಕ್ಷೆ ಊರಿನ ಸಭೆಯ ಮುಂದೆ ಬಂದಾಗ ಸದಸ್ಯರು ಕೇಳುವ ಪ್ರಶ್ನೆಗಳು ಎಲ್ಲೆಡೆಯೂ ಒಂದೇ: ಅಂತಸ್ತುಗಳೆಷ್ಟು? ರಸ್ತೆಗೆ ಬಿಟ್ಟ ಜಾಗವೆಷ್ಟು? ಚರಂಡಿಯ ನೀರು ಎತ್ತ ಹರಿಯುವುದು? ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಪುಣಜನೂರಿನಂಥ ಊರಿನಲ್ಲಿ ಇವಕ್ಕೂ ಮೊದಲು ಕೇಳಬೇಕಾದುದೊಂದುಂಟು: ಆ ನಿವೇಶನದ ಮೇಲೆ ಆನೆಗಳು ಹಾದುಹೋಗುವುವೆ?

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಸಮೀಪದಲ್ಲಿದೆ ಪುಣಜನೂರು. ಒಂದು ಕಡೆ 2011ರಲ್ಲಿ ಹುಲಿಗಳ ರಕ್ಷಿತಾರಣ್ಯವೆಂದು ಘೋಷಿತವಾದ ಬಿಳಿಗಿರಿರಂಗನ ಬೆಟ್ಟ. ಇನ್ನೊಂದು ಕಡೆ 2013ರಲ್ಲಿ ಅದೇ ಮನ್ನಣೆ ಪಡೆದ ಸತ್ಯಮಂಗಲದ ಕಾಡು. ಇವೆರಡರ ನಡುವೆ ಮೇವು ನೀರನ್ನರಸಿ ಆನೆಗಳು ಹಾಯುವ ದಾರಿಗಳಲ್ಲೊಂದು ಇಲ್ಲಿಯೇ ಇದೆ. ಗೋಡೆ ಅಡ್ಡ ಬಂದರೆ ಹಿಂಡು ಹೊಲದತ್ತ ತಿರುಗುತ್ತದೆ. ಕಟ್ಟಿದವರ ತಪ್ಪಿಗೆ ರೈತ ದಂಡ ತೆರಬೇಕಾಗುತ್ತದೆ.

ನೆರೆಯ ನೀಲಗಿರಿಯ ಸೀಗೂರು ಪ್ರಸ್ಥಭೂಮಿಯಲ್ಲಿ ಈ ಪ್ರಶ್ನೆ ಎದ್ದದ್ದು ಕಟ್ಟಡಗಳು ಎದ್ದ ಮೇಲೆ. 2010ರಲ್ಲಿ ತಮಿಳುನಾಡು ಸರ್ಕಾರ ಅಲ್ಲಿ ಆನೆದಾರಿಯನ್ನು ಘೋಷಿಸಿತು. ಪ್ರವಾಸಿಗೃಹಗಳ ಮಾಲಿಕರು ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವೂ 2020ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಘೋಷಣೆಯನ್ನೇ ಎತ್ತಿಹಿಡಿದವು. ಹತ್ತು ವರ್ಷಗಳ ವ್ಯಾಜ್ಯದ ಕೊನೆಗೆ ಮಾಲಿಕರ ಪಾಲಿಗೆ ಬಂದದ್ದು ಜಾಗ ತೆರವು ಮಾಡಬೇಕೆಂಬ ತೀರ್ಪು.

ಸಭೆಯಲ್ಲಿ ಒಂದು ದಿನ ಕೇಳಿದ ಮಾತು ಇಷ್ಟೆಲ್ಲವನ್ನೂ ತಪ್ಪಿಸಬಹುದಿತ್ತು. ನಕ್ಷೆಗೆ ಮೊಹರು ಬೀಳುವ ಮುನ್ನ ಅದರಲ್ಲಿ ಆನೆದಾರಿಯ ಗೆರೆಯೂ ಮೂಡಲಿ. ಆನೆ ಆಕ್ಷೇಪಣೆಯ ಅರ್ಜಿ ಬರೆಯಲಾರದು. ಅದರ ಪರವಾಗಿ ಸದಸ್ಯರೇ ಬಾಯಿ ತೆರೆಯಬೇಕು.