ಕೇಳಿ ಸುಮ್ಮನಿದ್ದವರ ಅಪರಾಧ

ಕಳೆದ ವೈಶಾಖದಲ್ಲಿ ನಮ್ಮ ಸೋಲೂರಿನ ಒಂದು ಮದುವೆಯ ಮನೆಗೆ ನನ್ನ ಮಗಳೂ ಆಕೆಯ ಒಂಬತ್ತು ವರ್ಷದ ಹುಡುಗಿಯೂ ಬಂದಿದ್ದರು. ಈ ನನ್ನ ಮೊಮ್ಮಗಳು ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯೊಡನೆ ಹುಟ್ಟಿದವಳು. ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಚಿಮುಕಿಸುವ ಕೆಲಸವನ್ನು ಅವಳಿಗೆ ಒಪ್ಪಿಸಿದ್ದರು. ಅವಳು ಒಬ್ಬರನ್ನೂ ಬಿಡದೆ ಬಹು ಶ್ರದ್ಧೆಯಿಂದ ಅದನ್ನು ನಡೆಸುತ್ತಿದ್ದಳು. ಆಗ ಬಂದ ಸುಶಿಕ್ಷಿತ ಗೃಹಿಣಿಯೊಬ್ಬರು ಮಗುವಿನ ಮುಖವನ್ನು ದಿಟ್ಟಿಸಿ ನೋಡಿ, ತಾಯಿಯ ಕಡೆಗೆ ತಿರುಗಿ, “ಏನಮ್ಮಾ, ಈಗೆಲ್ಲಾ ಬಸುರಿದ್ದಾಗಲೇ ಪರೀಕ್ಷೆ ಮಾಡ್ತಾರಲ್ಲ, ನಿಮಗೆ ಮೊದಲೇ ಗೊತ್ತಾಗಲಿಲ್ಲವೆ?” ಎಂದು ಕೇಳಿದರು.

ಮಗುವಿಗೆ ಆ ಮಾತಿನ ಅರ್ಥವು ಎಷ್ಟು ತಿಳಿಯಿತೋ ಕಾಣೆನು. ಮಾತು ತನ್ನನ್ನು ಕುರಿತದ್ದೆಂಬುದು ಮಾತ್ರ ತಿಳಿಯಿತು. ಪನ್ನೀರುದಾನಿಯನ್ನು ತಾಯಿಯ ಕೈಗೆ ಕೊಟ್ಟು ಅವಳ ಸೆರಗಿನ ಹಿಂದೆ ನಿಂತುಕೊಂಡಳು. ನಾನು ಎರಡು ಮಾರು ದೂರದಲ್ಲಿದ್ದೆನು. ಮೂವತ್ತೈದು ವರ್ಷ ತರಗತಿಯ ಕಡೆಯ ಬೆಂಚಿಗೂ ಕೇಳುವಂತೆ ಪಾಠ ಹೇಳಿದ ನಾನು ಅಂದು ಉತ್ತರೀಯವನ್ನು ಸರಿಪಡಿಸಿಕೊಂಡು ಬೇರೆ ಕಡೆಗೆ ನೋಡಿದೆನು. ರಾತ್ರಿ ಮಗಳು ಒಂದೇ ಮಾತು ಹೇಳಿದಳು: “ಅಪ್ಪಾ, ನೀವೂ ಅಲ್ಲೇ ಇದ್ದಿರಲ್ಲಾ.”

ವಾಚಕ ಮಹಾಶಯರೆ, ಈ ಲೇಖನವು ಆ ಗೃಹಿಣಿಯನ್ನು ಕುರಿತದ್ದಲ್ಲ, ನನ್ನಂಥವರನ್ನು ಕುರಿತದ್ದು.

ಇಂತಹ ಮಕ್ಕಳ ತಾಯಿತಂದೆಗಳಿಗೆ ನಾವು ಹಿರಿಯರು ಹೇಳುವ ಬುದ್ಧಿವಾದವು ಯಾವುದು? ‘ಲೋಕದ ಬಾಯಿಗೆ ಬೀಗವುಂಟೆ? ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ’ ಎಂಬುದು. ಹಾಯುವ ಎತ್ತನ್ನು ಬೀದಿಗೆ ಬಿಟ್ಟವನಿಗೆ ಹಗ್ಗ ಹಾಕೆಂದು ಹೇಳುವರಲ್ಲದೆ, ತಿವಿಸಿಕೊಂಡವನಿಗೆ ಚರ್ಮವನ್ನು ಗಟ್ಟಿಮಾಡಿಕೋ ಎಂದು ಯಾರಾದರೂ ಹೇಳುವರೆ? ತಾಳ್ಮೆಯು ದೊಡ್ಡ ಗುಣವೇ ಸರಿ. ಆದರೆ ಸಭೆಯಲ್ಲಿ ತಪ್ಪು ಮಾಡಿದವರೊಬ್ಬರು, ತಾಳ್ಮೆಯ ಉಪದೇಶವನ್ನು ಪಡೆಯತಕ್ಕವರು ಮತ್ತೊಬ್ಬರು ಎಂಬ ಈ ನ್ಯಾಯವು ನನಗೆ ಒಪ್ಪಿಗೆಯಾಗದು.

‘ಅವರು ಅರಿಯದೆ ಆಡುತ್ತಾರೆ, ದ್ವೇಷದಿಂದಲ್ಲ’ ಎಂದು ಕೆಲವರು ಆಕ್ಷೇಪಿಸುವರು. ಒಳ್ಳೆಯದು, ಅಜ್ಞಾನಕ್ಕೆ ಔಷಧವು ತಿಳಿಸಿ ಹೇಳುವುದೇ ಹೊರತು ಮೌನವಲ್ಲ. ಈ ಸ್ಥಿತಿಯನ್ನು ೧೮೬೬ರಲ್ಲಿ ವಿವರಿಸಿದವನು ಜಾನ್ ಲ್ಯಾಂಗ್ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯನು. ಇದರ ಕಾರಣವು ೧೯೫೯ರಲ್ಲಿ ಫ್ರಾನ್ಸಿನಲ್ಲಿ ಹೊರಪಟ್ಟಿತು. ನಮ್ಮ ಜೀವಕೋಶಗಳಲ್ಲಿ ೪೬ ವರ್ಣತಂತುಗಳಿರುವಲ್ಲಿ ಈ ಮಕ್ಕಳಿಗೆ ಸಾಮಾನ್ಯವಾಗಿ ೪೭ ಇರುವುವು. ಇಪ್ಪತ್ತೊಂದನೆಯದು ಎರಡಿರುವ ಬದಲು ಮೂರು. ಬಹುಪಾಲು ಪ್ರಸಂಗಗಳಲ್ಲಿ ಕೋಶವು ವಿಭಾಗವಾಗುವಾಗ ಆಕಸ್ಮಿಕವಾಗಿ ಹೀಗಾಗುವುದು. ತಾಯಿಯ ವಯಸ್ಸು ಹೆಚ್ಚಿದಂತೆ ಸಂಭವವು ಹೆಚ್ಚುವುದು ನಿಜ. ಆದರೆ ಚಿಕ್ಕ ವಯಸ್ಸಿನ ತಾಯಂದಿರಿಗೂ ಇಂತಹ ಮಕ್ಕಳು ಹುಟ್ಟುವರು. ಗ್ರಹಣದಲ್ಲಿ ತಾಯಿ ಹೊರಗೆ ಬಂದುದರಿಂದಲ್ಲ, ಪಪ್ಪಾಯಿ ತಿಂದುದರಿಂದಲ್ಲ, ಯಾರ ದೃಷ್ಟಿಯಿಂದಲೂ ಅಲ್ಲ. ಇಷ್ಟನ್ನು ಕಲಿಯಲು ಅರ್ಧ ಗಳಿಗೆ ಸಾಕು. ಬಸುರಿನ ಪರೀಕ್ಷೆಯ ವಿಚಾರವಾದರೋ ತಾಯಿತಂದೆಗಳಿಗೆ ಸೇರಿದ್ದು. ಹುಟ್ಟಿ ಬೆಳೆದು ಎದುರಿಗೆ ನಿಂತಿರುವ ಮಗುವಿನ ಮುಂದೆ ಅದನ್ನು ಎತ್ತುವುದೆಂದರೆ, ‘ನೀನೇಕೆ ಹುಟ್ಟಿದೆ?’ ಎಂದು ಮಗುವನ್ನೇ ಕೇಳಿದಂತಾಗುವುದು.

ಇನ್ನು ಕೆಲವರು ಪೂರ್ವಜನ್ಮದ ಕರ್ಮವನ್ನು ಮುಂದೊಡ್ಡುವರು. ಪಾಠಶಾಲೆಯಲ್ಲಿ ಶಾಸ್ತ್ರವನ್ನೋದಿದ ನಾನು ಇವರಿಗೆ ಉತ್ತರ ಹೇಳಲು ಬದ್ಧನಾಗಿದ್ದೇನೆ. ಕರ್ಮದ ಮಾತು ತನ್ನ ನಡತೆಯನ್ನು ತಾನು ಒರೆಹಚ್ಚಿಕೊಳ್ಳಲು ಇರತಕ್ಕದ್ದು; ನೆರೆಮನೆಯ ಮಗುವನ್ನು ಅಳೆಯುವ ಮೊಳಕೋಲಲ್ಲ. ಮನುಸ್ಮೃತಿಯ ಎಲ್ಲ ವಿಧಿಗಳನ್ನೂ ನಾನು ಎತ್ತಿಹಿಡಿಯುವವನಲ್ಲ. ಆದರೆ ಕರ್ಮವಾದಿಗಳು ಪ್ರಮಾಣವೆನ್ನುವ ಆ ಗ್ರಂಥದ ನಾಲ್ಕನೆಯ ಅಧ್ಯಾಯವೇ ಅಂಗದಲ್ಲಿ ಕೊರತೆಯುಳ್ಳವರನ್ನೂ, ವಿದ್ಯೆಯಿಲ್ಲದವರನ್ನೂ, ರೂಪವಿಲ್ಲದವರನ್ನೂ ಹೀಯಾಳಿಸಬಾರದೆಂದು ವಿಧಿಸುತ್ತದೆ. ಕರ್ಮವನ್ನು ಹೇಳುವ ಬಾಯಿಗೆ ಈ ವಿಧಿಯು ಏಕೆ ಮರೆತುಹೋಗುವುದು?

ಮೂರನೆಯವರು ಸಹೃದಯರು. ಅವರು ಅಷ್ಟಾವಕ್ರನ ಕಥೆಯನ್ನು ಹೇಳಿ, ‘ನಿಮ್ಮ ಮಗುವೂ ನಾಳೆ ಏನಾದರೊಂದು ಅದ್ಭುತವನ್ನು ಮಾಡೀತು’ ಎಂದು ಸಮಾಧಾನಪಡಿಸುವರು. ಇವರ ಮನಸ್ಸು ಒಳ್ಳೆಯದು, ತರ್ಕವು ಒಳ್ಳೆಯದಲ್ಲ. ಅಷ್ಟಾವಕ್ರನು ವಾದದಲ್ಲಿ ಗೆದ್ದು ಮಾನವನ್ನು ಪಡೆದನು. ವಾದವನ್ನೇ ಮಾಡಲಾರದ ಮಗುವಿಗೆ ಮಾನವಿಲ್ಲವೆ? ನನ್ನ ಮೊಮ್ಮಗಳು ಗಣಿತದಲ್ಲಿ ಹಿಂದು. ಮಾತು ತಡವಾಗಿ ಬಂದಿತು. ಇಂತಹ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೃದಯದ ದೋಷವು ಹುಟ್ಟಿನಿಂದಲೇ ಇರುವುದು. ಇವಳಿಗೂ ಇದ್ದು ಶಸ್ತ್ರಚಿಕಿತ್ಸೆಯಾಗಿದೆ. ಅವಳು ನಾಳೆ ಅದ್ಭುತವನ್ನೇನೂ ಮಾಡದಿರಬಹುದು. ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುವ ಮಗುವಿಗೆ ಸಲ್ಲತಕ್ಕ ಮರ್ಯಾದೆಗೆ ಬೇರೆ ಯೋಗ್ಯತಾಪತ್ರವು ಬೇಕೆಂದು ನಾನು ತಿಳಿಯೆನು.

‘ಮಾತಿನಲ್ಲೇನಿದೆ?’ ಎನ್ನುವವರು ಒಂದು ಸಂಗತಿಯನ್ನು ತಿಳಿಯಬೇಕು. ಮುಖಲಕ್ಷಣವನ್ನು ನೋಡಿ ಡೌನನು ಈ ಸ್ಥಿತಿಗೆ ಮಂಗೋಲ ಜನಾಂಗದ ಹೆಸರನ್ನಿಟ್ಟಿದ್ದನು. ೧೯೬೧ರಲ್ಲಿ ಕೆಲವು ವಿಜ್ಞಾನಿಗಳು ಆ ಹೆಸರನ್ನು ಬಿಡಬೇಕೆಂದು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ೧೯೬೫ರಲ್ಲಿ ಮಂಗೋಲಿಯಾ ದೇಶದ ಕೋರಿಕೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಕೈಬಿಟ್ಟಿತು. ಒಂದು ದೇಶಕ್ಕೆ ನೋವಾಯಿತೆಂದು ಜಗತ್ತೇ ನಾಲಗೆಯನ್ನು ತಿದ್ದಿಕೊಂಡಿತು. ನಾವೋ ‘ಪೆದ್ದು’, ‘ಅರೆಬುದ್ಧಿ’ ಎಂಬ ಮಾತುಗಳನ್ನು ಇನ್ನೂ ಬಿಟ್ಟಿಲ್ಲ. ನಾನೂ ತರಗತಿಯಲ್ಲಿ ಇವನ್ನು ಧಾರಾಳವಾಗಿ ಬಳಸಿದವನೇ. ಅದರ ಲೆಕ್ಕವು ಈಗ ನನ್ನ ಮನೆಯ ಬಾಗಿಲಿಗೆ ಬಂದಿದೆ.

ಕಾಯಿದೆ ಇಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳನ್ನು ಕುರಿತ ೨೦೧೬ರ ಅಧಿನಿಯಮದ ೯೨ನೆಯ ಕಲಮಿನಂತೆ, ಹೀಯಾಳಿಸುವ ಉದ್ದೇಶದಿಂದ ಜನರೆದುರಿಗೆ ಬೇಕೆಂದೇ ಅವಮಾನ ಮಾಡಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆಮನೆಯೂ ದಂಡವೂ ಉಂಟು. ಆದರೆ ಆ ಗೃಹಿಣಿಯ ಉದ್ದೇಶವು ಅಂಥದ್ದಲ್ಲ. ಕಾಯಿದೆಯು ಮದುವೆಯ ಮನೆಯ ಬಾಗಿಲಿಗೆ ಬರುವುದೂ ಇಲ್ಲ. ಅಲ್ಲಿ ಇರತಕ್ಕವರು ನಾವು.

ಆದುದರಿಂದ ನನ್ನ ಸಮಾನವಯಸ್ಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಇಂತಹ ಮಾತು ಬಿದ್ದಾಗ ಉತ್ತರ ಹೇಳುವ ಹೊರೆಯನ್ನು ತಾಯಿಯ ಮೇಲೆ ಬಿಡಬೇಡಿ. ಅವಳು ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಕುಣಿಗಲ್ ರಸ್ತೆಯ ಬಸ್ಸಿನಲ್ಲಿ ದಿನವೂ ಉತ್ತರ ಹೇಳಿ ದಣಿದಿದ್ದಾಳೆ. ಹತ್ತಿರವಿರುವ ಹಿರಿಯರು ಆಗಲೇ, ಅಲ್ಲಿಯೇ, ಮಗುವಿಗೆ ಕೇಳುವಂತೆ ಮಾತನಾಡಬೇಕು. ಕೂಗಾಟವು ಬೇಡ, ಉಪನ್ಯಾಸವೂ ಬೇಡ. ನಾನು ಅಂದು ಆಡಬೇಕಾಗಿದ್ದ ಮಾತನ್ನು ಹುಡುಕಲು ನನಗೆ ಹಲವು ರಾತ್ರಿಗಳು ಹಿಡಿದವು. ಅದು ಇಷ್ಟೇ: “ಅಮ್ಮಾ, ಮಗು ಇಲ್ಲೇ ಇದ್ದಾಳೆ, ಕೇಳಿಸಿಕೊಳ್ಳುತ್ತಾಳೆ. ಮೊದಲು ಅವಳ ಕೈಯ ಪನ್ನೀರು ಹಾಕಿಸಿಕೊಂಡು ಒಳಗೆ ದಯಮಾಡಿಸಿ.”

ಬರುವ ತಿಂಗಳು ನಮ್ಮ ಬಂಧುಗಳಲ್ಲಿ ಮತ್ತೊಂದು ಶುಭಕಾರ್ಯವಿದೆ. ಪನ್ನೀರುದಾನಿಯನ್ನು ಅವಳಿಗೇ ಕೊಡಬೇಕೆಂದು ಹೇಳಿದ್ದೇನೆ. ಈ ಸಲ ಬಾಗಿಲಲ್ಲಿ ಅವಳ ಪಕ್ಕದಲ್ಲಿಯೇ ನಿಲ್ಲುವೆನು.