ನಾಲಗೆ ತಪ್ಪಿದರೆ ನಗು, ಮಾತು ತಪ್ಪಿದರೆ?

ವಿದ್ಯಾರ್ಥಿ ನಾಯಕನ ಚುನಾವಣೆಗೆ ನಿಂತಿದ್ದ ನಾನು ಭಾಷಣ ಶುರು ಮಾಡಿದ್ದೇ "ಗೆಲೆಯರೇ, ಕೇಲಿ" ಎಂದು. ಸಭಾಂಗಣವೆಲ್ಲ ನಗು. ಮನೆಯಲ್ಲಿ ಉರ್ದು ಮಾತಾಡುವ ನನಗೆ ಗಾಬರಿಯಾದಾಗ 'ಳ' ಕೈಕೊಡುತ್ತದೆ. (ನಕ್ಕವರಲ್ಲಿ ಅರ್ಧ ಮಂದಿಯ ಮನೆಮಾತೂ ಉರ್ದುವೇ, ಅದು ಬೇರೆ ವಿಷಯ.) ಗ್ರಂಥಾಲಯವನ್ನು ಸಂಜೆ ಐದೂವರೆವರೆಗೆ ತೆರೆದಿಡಲು ಕೇಳುತ್ತೇನೆ ಎಂದು ನಾನು ಹೇಳಿದ್ದು ಯಾರಿಗೂ ನೆನಪಿಲ್ಲ. ನಾನು ಸೋತೆ. 'ಗೆಲೆಯ' ಎಂಬ ಹೆಸರು ಮಾತ್ರ ಉಳಿಯಿತು.

ಸಮಾಧಾನ ಮಾಡಲು ಭಾಯಿಜಾನ್ 2018ರ ವಿಧಾನಸಭಾ ಚುನಾವಣೆಯ ಹಳೆಯ ವಿಡಿಯೊಗಳನ್ನು ತೋರಿಸಿದರು. ದಾವಣಗೆರೆಯ ಪತ್ರಿಕಾಗೋಷ್ಠಿಯಲ್ಲಿ ಅಮಿತ್ ಶಾ ಅವರು ಸಿದ್ದರಾಮಯ್ಯ ಸರ್ಕಾರವನ್ನು ಟೀಕಿಸಲು ಹೋಗಿ, ಭ್ರಷ್ಟಾಚಾರದಲ್ಲಿ ಸ್ಪರ್ಧೆ ಇಟ್ಟರೆ ಯಡಿಯೂರಪ್ಪ ಸರ್ಕಾರಕ್ಕೇ ಮೊದಲ ಸ್ಥಾನ ಎಂದುಬಿಟ್ಟರು. ಯಡಿಯೂರಪ್ಪನವರು ಪಕ್ಕದಲ್ಲೇ ಕೂತಿದ್ದರು! ಮಳವಳ್ಳಿಯಲ್ಲಿ ಸಿದ್ದರಾಮಯ್ಯನವರು ತಮ್ಮದೇ ಪಕ್ಷದ ನರೇಂದ್ರಸ್ವಾಮಿಯವರನ್ನು ಹೊಗಳಲು ಹೋಗಿ, ರಸ್ತೆ, ಚರಂಡಿ ಎಲ್ಲದರ ಶ್ರೇಯವನ್ನು ನರೇಂದ್ರ ಮೋದಿಯವರಿಗೆ ಕೊಟ್ಟರು. ರಾಹುಲ್ ಗಾಂಧಿಯವರ ನಾಲಗೆ ವಿಶ್ವೇಶ್ವರಯ್ಯನವರ ಹೆಸರಿಗೆ ತೊಡರಿತು. ಸಂತೇಮರಹಳ್ಳಿಯ ಸಭೆಯಲ್ಲಿ ಪ್ರಧಾನಿ ಮೋದಿ, ಆ ಹೆಸರನ್ನು ಐದು ಸಲ ಹೇಳಲಿ ನೋಡೋಣ ಎಂದು ಸವಾಲು ಹಾಕಿದರು.

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಅನಿಸಿತು: ಆ ಭಾಷಣದಲ್ಲಿ ರಾಹುಲ್ ಬೇರೇನು ಹೇಳಿದರು? ನನಗೆ ಗೊತ್ತಿಲ್ಲ. ಮೊಬೈಲಿಗೆ ಬಂದದ್ದು ಆ ತುಣುಕು ಮಾತ್ರ.

ಎಲ್ಲ ಎಡವಟ್ಟೂ ಒಂದೇ ಅಲ್ಲ. 2010ರ ಏಪ್ರಿಲ್‌ನಲ್ಲಿ ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ ರೋಚ್‌ಡೇಲ್ ಎಂಬ ಊರಿನಲ್ಲಿ ಪ್ರಚಾರಕ್ಕೆ ಹೋಗಿದ್ದರು. ಅವರ ಪಕ್ಷಕ್ಕೇ ಮತ ಹಾಕುತ್ತ ಬಂದಿದ್ದ ವೃದ್ಧೆಯೊಬ್ಬರು ಖಾರವಾಗಿ ಪ್ರಶ್ನೆ ಕೇಳಿದರು. ಬ್ರೌನ್ ನಗುನಗುತ್ತ ಉತ್ತರಿಸಿ ಕಾರು ಹತ್ತಿದರು. ಕೋಟಿನ ಮೈಕು ಆರಿಸಿರಲಿಲ್ಲ. ಒಳಗೆ ಕೂತು ಆಕೆಯನ್ನು ಸಂಕುಚಿತ ಮನಸ್ಸಿನ ಹೆಂಗಸು ಎಂದು ಬೈದದ್ದನ್ನು ಇಡೀ ದೇಶ ಕೇಳಿತು. ಅದೇ ದಿನ ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದರು. ಚುನಾವಣೆಯ ನಂತರ ಅಧಿಕಾರ ಹೋಯಿತು. ತಮಾಷೆಯೆಂದರೆ, ರೋಚ್‌ಡೇಲ್‌ನಲ್ಲಿ ಮಾತ್ರ ಅವರ ಪಕ್ಷವೇ ಗೆದ್ದಿತು!

ಅಲ್ಲಿ ತಪ್ಪಿದ್ದು ನಾಲಗೆಯಲ್ಲ. ಎದುರಿಗೊಂದು, ಹಿಂದೊಂದು ಮಾತಾಡುವವರನ್ನು ಮತದಾರ ನೆನಪಿಟ್ಟುಕೊಳ್ಳಲೇಬೇಕು. ಹೆಸರು ಉಚ್ಚರಿಸಲು ತಡವರಿಸಿದವರನ್ನಲ್ಲ. ಹಾಗೆಯೇ ಸ್ಪಷ್ಟವಾದ ಕನ್ನಡದಲ್ಲಿ, ಒಂದಕ್ಷರವೂ ತಪ್ಪದೆ, ಈಡೇರಿಸಲಾಗದ ಭರವಸೆ ಕೊಟ್ಟವರನ್ನು ನಾವು ಯಾಕೆ ಟ್ರೋಲ್ ಮಾಡುವುದಿಲ್ಲ? ಇನ್ನೊಂದೆರಡು ವರ್ಷದಲ್ಲಿ ನಮ್ಮ ಕೈಗೂ ಮತದಾರರ ಚೀಟಿ ಬರುತ್ತದೆ. ಇಂಥ ತುಣುಕು ಬಂದರೆ ನಾನಂತೂ ಪೂರ್ತಿ ಭಾಷಣ ಹುಡುಕಿ ಕೇಳುತ್ತೇನೆ. ಮೊದಲು ನಕ್ಕು, ಆಮೇಲೆ.

ಅಂದಹಾಗೆ, ಗ್ರಂಥಾಲಯದ ಬಾಗಿಲು ಈಗಲೂ ನಾಲ್ಕಕ್ಕೇ ಹಾಕುತ್ತಾರೆ.